ಕಿಟಕಿ ಕಡೆಯ ಗುಂಡಿ

ಭಾವನವರೇ,

ಕಿಟಕಿ ಕಡೆಯ ಗುಂಡಿಯ ಯಜಮಾನರಿಗೆ ಬಾಮೈದ ಪಾಲಾಕ್ಷನ ನಮಸ್ಕಾರ. ನೀವು ಹೋದ ಮೇಲೆ ಎರಡು ಶೇಂಗಾ ಸುಗ್ಗಿ ಕಳೆದವು. ಅಕ್ಕ ಚೆನ್ನಾಗಿದ್ದಾಳೆ. ನಿಮ್ಮ ಶೇಂಗಾ ಮಂಡಿ ನಡೆಯುತ್ತಿದೆ. ಇಷ್ಟಕ್ಕೇ ಮುಗಿಸಿದ್ದರೆ ಇದು ಕ್ಷೇಮ ಸಮಾಚಾರದ ಕಾಗದವಾಗುತ್ತಿತ್ತು. ಆದರೆ ಇದನ್ನು ನಾಲ್ಕು ಸಲ ಶುರು ಮಾಡಿ ನಾಲ್ಕು ಸಲ ಹರಿದಿದ್ದೇನೆ. ಕೂತರೆ ಕೂರಲಾಗುವುದಿಲ್ಲ. ಎದ್ದು ಬಾಗಿಲ ತನಕ ಹೋಗಿ ಬರುತ್ತೇನೆ, ಪೆನ್ನಿನ ಮುಚ್ಚಳ ತೆಗೆದು ಮತ್ತೆ ಹಾಕುತ್ತೇನೆ. ನಿಮಗೊಂದು ಮಾತು ಹೇಳಬೇಕಿತ್ತು. ಹೇಳುವ ಹೊತ್ತಿನಲ್ಲಿ...

ಇರಲಿ. ಆ ಟೇಬಲ್ಲು ಬಂದ ದಿನ ನೆನಪಿದೆಯೇ? ಬಳ್ಳಾರಿ ಕಡೆಯ ಯಾವುದೋ ಹಳೇ ಬಂಗಲೆಯ ಸಾಮಾನು ಹರಾಜಾಗಿ, ನಮ್ಮ ಎಣ್ಣೆ ಮಿಲ್ಲಿನ ಧಣಿ ಆ ಬಿಲಿಯರ್ಡ್ಸ್ ಟೇಬಲ್ಲನ್ನು ಲಾರಿಯಲ್ಲಿ ಚಳ್ಳಕೆರೆಗೆ ತರಿಸಿ ಮಿಲ್ಲಿನ ಹಿಂದಿನ ಷೆಡ್ಡಿನಲ್ಲಿ ಹಾಕಿಸಿದರು. ಆರು ಗುಂಡಿಗಳಲ್ಲಿ ನಾಲ್ಕರ ಬಲೆ ಹರಿದು ಚಿಂದಿಯಾಗಿತ್ತು. ಎಲ್ಲರೂ ಪೆಚ್ಚಾಗಿ ನಿಂತಿದ್ದಾಗ ನೀವು ಗೋಣಿ ತುಂಡು ತಂದು ಆ ನಾಲ್ಕಕ್ಕೂ ತುರುಕಿದಿರಿ. ಉಳಿದದ್ದು ಒಂದೇ ತುದಿಯ ಎರಡು ಗುಂಡಿ. ಒಂದು ಕಿಟಕಿ ಕಡೆ, ಒಂದು ಗೋಡೆ ಕಡೆ. "ಆಡೋರು ಇಬ್ರು, ಗುಂಡಿ ಎರಡು. ನಿನಗೊಂದು, ನನಗೊಂದು. ಹದಿನೈದು ಕೆಂಪು ಚೆಂಡು, ತನ್ನ ಗುಂಡಿಗೆ ಮೊದಲು ಎಂಟು ಹಾಕ್ದೋನು ಗೆದ್ದ. ಇನ್ನೇನ್ ಬೇಕ್ರಲೇ ನಿಮಗೆ?" ಅಂದಿರಿ. ಅವತ್ತೇ ಕಿಟಕಿ ಕಡೆಯದನ್ನು ನಿಮ್ಮದು ಮಾಡಿಕೊಂಡಿರಿ. ಗಾಳಿ ಬರುತ್ತೆ ಅನ್ನುವುದು ಒಂದೇ ಕಾರಣ.

ಓಬಳಯ್ಯ ಮೊದಲ ಸಲ ಷೆಡ್ಡಿನ ಬಾಗಿಲಲ್ಲಿ ನಿಂತದ್ದೂ ನನ್ನ ಕಣ್ಣಲ್ಲೇ ಇದೆ. ಮೊಳಕಾಲ್ಮೂರಿನ ಮಗ್ಗದವನು, ಭಾನುವಾರ ನಮ್ಮೂರ ಬಟ್ಟೆ ಅಂಗಡಿಗೆ ರೇಷ್ಮೆ ಸೀರೆ ಕೊಟ್ಟು ಬಸ್ಸಿಗೆ ಹೊತ್ತಿದೆಯೆಂದು ಬಂದವನು. ಮೂರು ಭಾನುವಾರ ಬರೀ ನೋಡಿದ. ನಾಲ್ಕನೆಯದಕ್ಕೆ ನೀವೇ ಕರೆದಿರಿ. "ಏನಯ್ಯಾ, ನೋಡೋಕೇ ಬರ್ತೀಯೋ, ಆಡೋಕೂ ಬರ್ತೈತೋ?" ಅವನು ಕೋಲು ಮುಟ್ಟಲಿಲ್ಲ. ಮೊದಲು ಆ ಹಸಿರು ಬಟ್ಟೆಯ ಮೇಲೆ ಅಂಗೈ ಇಟ್ಟು ಒಂದು ಸಲ ಸವರಿದ. "ಮಂಚಿ ಬಟ್ಟೆ ಸಾಮೀ. ವಯಸ್ಸಾಗೈತೆ, ಅಷ್ಟೆ" ಅಂತ ತೆಲುಗು ಬೆರೆಸಿ ಹೊಗಳಿದ. ಆಮೇಲೆ ನಿಮ್ಮನ್ನು ಸೋಲಿಸಿದ. ನೀವು ಹೊಡೆಯುವ ಆಟಗಾರ, ಅವನು ಬಚ್ಚಿಡುವ ಆಟಗಾರ. ಅವನ ಹೊಡೆತ ಮುಗಿದಾಗ ಬಿಳಿ ಚೆಂಡು ಯಾವುದಾದರೂ ಕೆಂಪಿನ ಹಿಂದೆ, ಸೆರಗಿನ ಮರೆಯ ಸೊಸೆಯ ಹಾಗೆ ಅಡಗಿರುತ್ತಿತ್ತು. ನೀವು ಮೀಸೆ ಕಚ್ಚುತ್ತಾ ಟೇಬಲ್ಲಿನ ಸುತ್ತ ತಿರುಗುತ್ತಿದ್ದಿರಿ.

ಕೇಬಲ್ ಬಂದ ವರ್ಷವಿರಬೇಕು, ಸೈಕಲ್ ಅಂಗಡಿಯ ಬಾಷಾ ಸಾಬರು ಯಾವುದೋ ಹಳೇ ಇಂಗ್ಲಿಷ್ ಪತ್ರಿಕೆ ಹಿಡಿದುಕೊಂಡು ಓಡಿ ಬಂದದ್ದು. "ಕಸಮ್ ಸೆ, ಅಮೆರಿಕಾದಾಗೂ ಇದೇ ಆಟ ಐತಂತ್ರೀ! ಒಬ್ಬರಿಗೆ ಒಂದೇ ಗುಂಡಿ! ಎಲ್ಲಾ ಕಾಲಕ್ಕೂ ದೊಡ್ಡ ಆಟಗಾರ ಯಾರು ಅಂತ ಪುಟಗಟ್ಟಲೆ ಜಗಳ ಆಡ್ಯಾರೆ." ನೀವು ಪತ್ರಿಕೆಯನ್ನು ತಿರುಗಿಸಿ ನೋಡಿ ಕೇಳಿದ್ದು ಒಂದೇ ಪ್ರಶ್ನೆ. "ಅಲ್ಲಿ ಆರು ಗುಂಡೀನೂ ನೆಟ್ಟಗವೆಯಾ?" ನೆಟ್ಟಗಿವೆ ಅಂದರು ಸಾಬರು. "ಆರು ನೆಟ್ಟಗಿದ್ದೂ ಒಂದರಾಗೆ ಆಡ್ತಾರಾ? ಹುಚ್ಚು ಮುಂಡೇವು!" ಷೆಡ್ಡಿನ ತಗಡು ಹಾರುವ ಹಾಗೆ ನಕ್ಕೆವು.

ನಕ್ಕೆವು, ಆದರೆ ಆ ಹುಳ ಅವತ್ತೇ ನಮ್ಮ ತಲೆ ಹೊಕ್ಕಿತು. ಅಮೆರಿಕದವರ ಹೆಸರು ನಮಗೇಕೆ, ನಮ್ಮಲ್ಲಿ ಯಾರು ದೊಡ್ಡವನು? ನೀವೋ, ಓಬಳಯ್ಯನೋ? ಪ್ರತಿ ಭಾನುವಾರ ಅದೇ ವಾದ. ಬಾಷಾ ಸಾಬರು ಓಬಳಯ್ಯನ ಪರ ವಕೀಲರ ಹಾಗೆ ಬೆಂಚಿನ ಮೇಲೆ ನಿಲ್ಲುತ್ತಿದ್ದರು. "ಮೊದಲು ಇದು ಹೇಳ್ರಿ. ದೊಡ್ಡೋನು ಅಂದ್ರೆ ಹೆಚ್ಚು ಸಲ ಗೆದ್ದೋನಾ? ಇಲ್ಲಾ, ಎಲ್ಲಾ ತನಗೆ ಎದುರಾಗಿದ್ದಾಗ ಹೆಚ್ಚು ಚೆಂಡು ಹಾಕ್ದೋನಾ?" ಆಗ ಅದು ಬಾಯಿಮಾತು ಅನ್ನಿಸಿತ್ತು. ಈಗ ಆ ಪ್ರಶ್ನೆ ನನ್ನ ಬೆನ್ನು ಬಿಡುತ್ತಿಲ್ಲ.

ಕಡೆಗೆ ನೀವೇ ಒಂದು ದಿನ ಗೊತ್ತು ಮಾಡಿದಿರಿ. ಒಂದೇ ಆಟ, ಗೆದ್ದವನು ದೊಡ್ಡವನು, ಮತ್ತೆ ಯಾರೂ ಬಾಯಿ ಬಿಡುವ ಹಾಗಿಲ್ಲ. ಅದಕ್ಕೆ ಒಂದು ವಾರ ಮೊದಲು ಕಿಟಕಿ ಕಡೆ ಬಟ್ಟೆ ಗೇಣುದ್ದ ಹರಿದಿತ್ತಲ್ಲ, ಓಬಳಯ್ಯನೇ ಕೂತು ರೇಷ್ಮೆ ಎಳೆಯಲ್ಲಿ ಅದನ್ನು ಕೂಡಿಸಿದ. ಕಣ್ಣು ಮುಚ್ಚಿ ಸವರಿದರೆ ಹೊಲಿಗೆ ಎಲ್ಲಿದೆಯೆಂದು ತಿಳಿಯುತ್ತಿರಲಿಲ್ಲ. "ನೋಡ್ಲಾ ಪಾಲಾಕ್ಷ, ಕೈಯಂದ್ರೆ ಇದು" ಅಂತ ನೀವೇ ಹೊಗಳಿದಿರಿ.

ಆಟದ ದಿನ ಬೆಳಿಗ್ಗೆ ನಾನು ಬೇಗ ಹೋದೆ. ಟೇಬಲ್ಲಿನ ಬಟ್ಟೆಗೆ ಬ್ರಷ್ ಎಳೆದು ಇಸ್ತ್ರಿ ಹಾಕುವುದು ಯಾವಾಗಲೂ ನನ್ನ ಕೆಲಸ. ಅದರ ಸಣ್ಣ ರೋಮ ಒಂದೇ ದಿಕ್ಕಿಗೆ ಮಲಗಿರಬೇಕು, ಬಾಗಿಲ ಕಡೆಯಿಂದ ಗುಂಡಿಗಳ ಕಡೆಗೆ. ಹಾಗಿದ್ದರೆ ಗುಂಡಿಗೆ ಹೋಗುವ ಚೆಂಡು ಸಲೀಸಾಗಿ ಉರುಳುತ್ತದೆ. ಅವತ್ತು ಮಿಲ್ಲಿನಲ್ಲಿ ಶೇಂಗಾ ಒಡೆಯುತ್ತಿದ್ದರು. ತೆರೆದ ಕಿಟಕಿಯಿಂದ ಹೊಟ್ಟು ಹಾರಿ ಬಂದು ಕಿಟಕಿ ಕಡೆಯ ಅರ್ಧ ಟೇಬಲ್ಲು ಕೆಂಪಗಾಗಿತ್ತು. ಗಾಳಿ ಬೀಸುತ್ತಿದ್ದದ್ದು ಗುಂಡಿಯ ತುದಿಯಿಂದ ಬಾಗಿಲ ಕಡೆಗೆ. ಕಣದಲ್ಲಿ ಶೇಂಗಾ ತೂರಿ ಬೆಳೆದ ಕೈ ನನ್ನದು. ಗಾಳಿಗೆ ಎದುರಾಗಿ ಹೊಟ್ಟು ತಳ್ಳುವುದು ಅದಕ್ಕೆ ಬರುವುದೇ ಇಲ್ಲ. ಗಾಳಿಯ ಜೊತೆಗೇ ಬ್ರಷ್ ಎಳೆದೆ, ಗುಂಡಿಯಿಂದ ಬಾಗಿಲಿಗೆ. ಅದೇ ದಿಕ್ಕಿಗೆ ಬಿಸಿ ಇಸ್ತ್ರಿಯನ್ನೂ ಒತ್ತಿದೆ. ಹೊಟ್ಟು ಹೋಯಿತು, ಬಟ್ಟೆ ಹೊಸದರ ಹಾಗೆ ಹೊಳೆಯಿತು. ನನಗೆ ನಾನೇ ಭೇಷ್ ಅಂದುಕೊಂಡೆ.

ನಿಮ್ಮ ಗುಂಡಿಯ ಕಡೆಯ ಅರ್ಧ, ಭಾವ. ನಿಮ್ಮ ಅರ್ಧವನ್ನು ಮಾತ್ರ ನಾನು ತಿರುವು ಮುರುವು ಮಾಡಿದ್ದೆ.

ಆ ಆಟವನ್ನು ನಿಮಗೆ ನಾನು ವಿವರಿಸಬೇಕೇ? ಅವನದೇಳು, ನಿಮ್ಮದೇಳು. ಉಳಿದದ್ದು ಒಂದು ಕೆಂಪು. ನೀವು ಉಸಿರು ಬಿಗಿಹಿಡಿದು ಮೆಲ್ಲಗೆ, ಹಾಲು ಉಕ್ಕದ ಹಾಗೆ, ಅದನ್ನು ಕಿಟಕಿ ಕಡೆಗೆ ಕಳಿಸಿದಿರಿ. ಹೋಯಿತು, ಹೋಯಿತು... ಗುಂಡಿಯ ಬಾಯಿಗೆ ಒಂದು ಬೆರಳು ಇರುವಾಗ ನಿಂತಿತು. ಓಬಳಯ್ಯ ಅದನ್ನು ಅಂಚಿಗೆ ಅಂಟಿದಂತೆ ಅಡ್ಡಕ್ಕೆ ಉರುಳಿಸಿ ಗೋಡೆ ಕಡೆಯ ತನ್ನ ಗುಂಡಿಗೆ ಹಾಕಿದ. ಯಾರೂ ಚಪ್ಪಾಳೆ ತಟ್ಟಲಿಲ್ಲ, ಎಲ್ಲರೂ ನಿಮ್ಮ ಮುಖ ನೋಡುತ್ತಿದ್ದರು. ನೀವು ಕೋಲನ್ನು ನೆಲಕ್ಕೆ ಕುಟ್ಟಿ ಅಂದಿರಿ, "ಹೊಲಿಗೆ ಹಾಕೋವಾಗ್ಲೇ ನನ್ನ ದಾರೀಗೆ ಗಂಟು ಇಟ್ಟಿದ್ದೀಯ ಕಣೋ. ನೇಯೋ ಕೈ ಅಲ್ಲ ನಿಂದು, ಕಳ್ಳಗೈ." ಅವನು ಕೋಲನ್ನು ಗೋಡೆಗೆ ಒರಗಿಸಿ, ಸೀರೆಯ ಚೀಲ ಹೆಗಲಿಗೆ ಹಾಕಿಕೊಂಡು ಹೊರಟುಹೋದ. ಮತ್ತೆ ಷೆಡ್ಡಿಗೆ ಬರಲಿಲ್ಲ. "ಮೋಸ ಮಾಡಿದ ಮೊಳಕಾಲ್ಮೂರಿನವನು" ಅನ್ನುವುದು ನಮ್ಮೂರಲ್ಲಿ ಅವನ ಹೆಸರೇ ಆಯಿತು. ಅಂಗಡಿಯವರೂ ಅವನ ಸೀರೆಯನ್ನು ಮಡಿಕೆ ಮಡಿಕೆ ಬಿಚ್ಚಿ ಪರೀಕ್ಷಿಸತೊಡಗಿದರು.

ಮಾರನೆಯ ದಿನ ಬ್ರಷ್ ಹಿಡಿದು ನಿಂತಾಗ ನನ್ನ ಅಂಗೈಗೆ ತಿಳಿಯಿತು. ಗೋಡೆ ಕಡೆ ಬೆಕ್ಕಿನ ಬೆನ್ನಿನ ಹಾಗೆ ನುಣುಪು, ಕಿಟಕಿ ಕಡೆ ಎದುರು ಸವರಿದ ಹಾಗೆ ಒರಟು. ಏನು ಮಾಡಿದೆ ಗೊತ್ತೇ? ಬಾಗಿಲು ಹಾಕಿಕೊಂಡು ಸದ್ದಿಲ್ಲದೆ ಸರಿಯಾದ ದಿಕ್ಕಿಗೆ ಎಳೆದುಬಿಟ್ಟೆ. ನೇರ ಮಂಡಿಗೆ ಬಂದೆ, ಹೇಳೋಣವೆಂದೇ ಬಂದೆ. ನೀವು ಗಿರಾಕಿಗಳ ನಡುವೆ ಹೊಲಿಗೆಯ ಕಥೆ ಹೇಳುತ್ತಿದ್ದಿರಿ. "ಕೇಳ್ರಿ ಬೇಕಾದ್ರೆ, ನಮ್ಮ ಪಾಲಾಕ್ಷನೂ ನೋಡಿದಾನೆ" ಅಂದಿರಿ. ನಾನು ತಲೆಯಾಡಿಸಿದೆ. ಒಂದು ಸಲ ಆಡಿಸಿದ ತಲೆಯನ್ನು ಆಮೇಲೆ ಎಷ್ಟು ಭಾನುವಾರ ಆಡಿಸಬೇಕಾಯಿತು!

ನೀವು ಹಾಸಿಗೆ ಹಿಡಿದ ಮೇಲೆ ಒಂದು ಮಧ್ಯಾಹ್ನ, ಮಜ್ಜಿಗೆ ಕುಡಿದು ಲೋಟ ಕೊಡುತ್ತಾ ಕೇಳಿದಿರಿ. "ಲೇ ಪಾಲಾಕ್ಷ, ಆ ಚೆಂಡು ಯಾಕೆ ನಿಂತಿತೋ? ಹೊಲಿಗೆ ಇದ್ದದ್ದು ನಡುವಿನಾಗೆ. ಅದನ್ನ ದಾಟಿ ಹೋಗಿತ್ತಲ್ಲೋ." ಅಂದರೆ ನಿಮಗೂ ಅನುಮಾನ ಬಂದಿತ್ತು. ಮಲಗಿದಲ್ಲೇ ಆ ಚೆಂಡನ್ನು ಮತ್ತೆ ಮತ್ತೆ ಉರುಳಿಸಿ ನೋಡುತ್ತಿದ್ದಿರಿ. ದೇವರು ನನ್ನ ಕೈಗೆ ಲೋಟ ಕೊಟ್ಟು ನಿಲ್ಲಿಸಿ ಕೇಳಿದ ಹಾಗಿತ್ತು. ನಾನು ಏನಂದೆ? "ಹೊಲಿಗೇನೇ ಭಾವ. ಮಲಕ್ಕೊಳ್ರಿ."

ಅಕ್ಕನಿಗೆ ಹೇಳಿದ್ದು ಹೋದ ಯುಗಾದಿ ಕಳೆದ ಮೇಲೆ. ಬೈಯುತ್ತಾಳೆ ಅಂದುಕೊಂಡಿದ್ದೆ. ಅವಳು ಅಕ್ಕಿ ಆರಿಸುವುದನ್ನು ನಿಲ್ಲಿಸಲಿಲ್ಲ. "ಅವರಿದ್ದಾಗ ಹೇಳಿದ್ರೆ ಒಂದು ವಾರ ನಿನ್ನ ಮುಖ ನೋಡ್ತಿರಲಿಲ್ಲ. ಆಮೇಲೆ ತಾವೇ ಮೊಳಕಾಲ್ಮೂರು ಬಸ್ ಹತ್ತಿರೋರು. ಆ ಬಸ್ ತಪ್ಪಿಸಿದೋನು ನೀನು" ಅಂದಳು. ಬೈದಿದ್ದರೇ ಚೆನ್ನಾಗಿತ್ತು.

ನೀವು ಹತ್ತಬೇಕಿದ್ದ ಬಸ್ಸನ್ನು ನಾನೇ ಹತ್ತಿದೆ. ಬಿ.ಜಿ. ಕೆರೆ ಬರುವ ತನಕ ಮಾತು ಜೋಡಿಸಿದೆ. ಅಲ್ಲಿಂದ ಮುಂದೆ ಕಲ್ಲುಗುಡ್ಡ ನೋಡುತ್ತಾ ಎಲ್ಲಾ ಮರೆತೆ. ಓಬಳಯ್ಯ ಮಗ್ಗದ ಕುಣಿಯಲ್ಲಿ ಕಾಲಿಟ್ಟು ಕೂತಿದ್ದ, ತಲೆ ಪೂರಾ ಬೆಳ್ಳಗಾಗಿದೆ. "ರಾ ಪಾಲಾಕ್ಷಪ್ಪಾ, ಕೂಚೋ. ನಿಮ್ಮ ಭಾವನೋರು ಹೋದ್ರಂತೆ, ಕೇಳ್ದೆ. ಬರ್ಬೇಕಿತ್ತು, ಕಾಲು ಬರಲಿಲ್ಲ" ಅಂದ. ನಾನು ಗಾಳಿ, ಹೊಟ್ಟು, ಬ್ರಷ್, ಇಸ್ತ್ರಿ ಎಲ್ಲವನ್ನೂ ಒಂದೇ ಉಸಿರಿಗೆ ಒದರಿದೆ. ಕಾಲಿಗೆ ಬೀಳಲು ಬಗ್ಗಿದೆ. ಅವನು ಲಾಳಿಯನ್ನು ಕೆಳಗಿಟ್ಟು ನನ್ನ ಭುಜ ಹಿಡಿದ.

"ನಂಗೆ ಗೊತ್ತಿತ್ತಪ್ಪಾ."

"ಏನು ಗೊತ್ತಿತ್ತು?"

"ಮೂರನೇ ಹೊಡ್ತಕ್ಕೇ ಗೊತ್ತಾತು. ಬಟ್ಟೆ ಮೇಲೆ ಕೈ ಊರ್ತೀವಲ್ಲ, ಆ ಕಡೆ ರೋಮ ಎದುರಿಗೈತೆ ಅಂತ. ಯಾರು ಮಾಡಿದ್ರು, ಯಾಕೆ ಮಾಡಿದ್ರು, ಗೊತ್ತಿರ್ಲಿಲ್ಲ. ಆಟ ನಿಲ್ಸಿ ಒಂದು ಮಾತು ಹೇಳ್ಬೇಕಿತ್ತು. ಹೇಳ್ಲಿಲ್ಲ. ಗೆಲ್ಲೋ ಆಸೆ." ಲಾಳಿಯನ್ನು ಮತ್ತೆ ಕೈಗೆತ್ತಿಕೊಂಡು ಅಂದ, "ಅವ್ರು ಕಳ್ಳಗೈ ಅಂದಾಗ ನಾನು ಮಾಡಿಲ್ಲ ಅನ್ನಬೋದಿತ್ತು. ನಂಗೆ ಗೊತ್ತಿರ್ಲಿಲ್ಲ ಅನ್ನೋಕೆ ಆಗ್ತಿತ್ತಾ? ಅದಕ್ಕೇ ಎದ್ದು ಬಂದೆ."

ನೋಡಿದಿರಾ ಭಾವ? ಇಷ್ಟು ವರ್ಷ ನಾನೊಬ್ಬನೇ ಮುಚ್ಚಿಟ್ಟುಕೊಂಡಿದ್ದೇನೆ ಅಂದುಕೊಂಡಿದ್ದೆ. ಮೂವತ್ತು ಮೈಲಿಯಾಚೆ ಇನ್ನೊಬ್ಬನೂ ಅದನ್ನೇ ಮುಚ್ಚಿಟ್ಟುಕೊಂಡು ಲಾಳಿ ಎಸೆಯುತ್ತಿದ್ದ. ಬಸ್ಸಿಗೆ ಬಿಡಲು ಬಂದಾಗ ಅವನು ಇನ್ನೊಂದು ಮಾತು ಅಂದ. "ಆ ಬಟ್ಟೆಗೆ ಎದುರಾಗಿ ಅವ್ರು ಏಳು ಹಾಕಿದ್ರು. ಏಳು! ನನ್ನ ಕೈಲಿ ನಾಕು ಆಗ್ತಿರ್ಲಿಲ್ಲ. ನಿಮ್ಮೂರಾಗೆ ಹೇಳು, ದೊಡ್ಡೋರು ಅವ್ರೇ."

ಆ ಭಾನುವಾರವೇ ಷೆಡ್ಡಿನಲ್ಲಿ ಬೆಂಚಿನ ಮೇಲೆ ನಿಂತು ಎಲ್ಲವನ್ನೂ ಹೇಳಿದೆ. ಓಬಳಯ್ಯನ ಹೊಲಿಗೆಯಲ್ಲಿ ಗಂಟಿರಲಿಲ್ಲ, ತಪ್ಪು ನನ್ನದು ಅಂತ. ಗೊತ್ತಿದ್ದೂ ಸುಮ್ಮನೆ ಆಡಿದೆ ಅಂತ ಅವನು ತನ್ನ ಮೇಲೆ ಹೊತ್ತುಕೊಂಡದ್ದನ್ನೂ ಹೇಳಿದೆ, ಹೇಳು ಅಂತ ಅವನೇ ಕಳಿಸಿದ್ದ. ಬಾಷಾ ಸಾಬರು, "ಯಾ ಅಲ್ಲಾ! ಹಂಗಾದ್ರೆ ಗೆದ್ದೋನು ಓಬಳಯ್ಯ, ದೊಡ್ಡೋನು ಪಾಲಾಕ್ಷನ ಭಾವ" ಅಂದರು. ಇನ್ನೊಬ್ಬ, "ಅದೆಂಗಾಗ್ತೈತೆ ಸಾಬ್ರೆ? ತನ್ನ ತಪ್ಪು ತಾನೇ ಒಪ್ಪಿಕೊಂಡ್ನಲ್ಲ, ಓಬಳಯ್ಯನೇ ದೊಡ್ಡೋನು" ಅಂದ. ಮತ್ತೆ ಶುರುವಾಯಿತು! ನಿಮ್ಮ ಕಡೆಯವರೆಲ್ಲ ಅವನ ಕಡೆ, ಅವನ ಕಡೆಯ ಬಾಷಾ ಸಾಬರು ನಿಮ್ಮ ಕಡೆ. ಯಾರಿಗೂ ನನ್ನನ್ನು ಬೈಯಲು ಪುರುಸೊತ್ತಾಗಲಿಲ್ಲ.

ಈಗ ನಿಮಗೆ ಗೊತ್ತಿಲ್ಲದ ಸುದ್ದಿ. ಓಬಳಯ್ಯ ಮತ್ತೆ ಬರುತ್ತಿದ್ದಾನೆ. ಮೊದಲ ದಿನ ಬಂದವನೇ ಬ್ರಷ್ಷನ್ನು ನನ್ನ ಕೈಗೆ ಕೊಟ್ಟ. "ಅವತ್ತು ಹೆಂಗೆ ಎಳೆದ್ಯೋ ಹಂಗೇ ಎಳಿ" ಅಂದ. ಎಲ್ಲರ ಎದುರಿಗೆ, ಕಿಟಕಿ ಕಡೆಯ ಅರ್ಧಕ್ಕೆ, ಗುಂಡಿಯಿಂದ ಬಾಗಿಲಿಗೆ... ಎಳೆದೆ. ಇಸ್ತ್ರಿಯನ್ನೂ ಒತ್ತಿದೆ. ಆಮೇಲೆ ಅವನೊಬ್ಬನೇ ಎರಡೂ ಕಡೆ ಆಡತೊಡಗಿದ. ಗೋಡೆ ಕಡೆಗೆ ಒಂದು ಹೊಡೆತ ತನ್ನದು, ಕಿಟಕಿ ಕಡೆಗೆ ಒಂದು ನಿಮ್ಮದು. "ನಿನಗೆ ನೀನೇ ಮೋಸ ಮಾಡ್ಕಂಡ್ರೆ ಕೇಳೋರ್ಯಾರೋ?" ಅಂತ ಬಾಷಾ ಸಾಬರು ಕೆಣಕಿದರೆ, "ಒಂದು ಸಲ ಮಾಡ್ಕಂಡಿದ್ದು ಸಾಕು ಸಾಬಣ್ಣಾ" ಅಂದ.

ಅವತ್ತು ಅವನ ಗುಂಡಿಗೆ ಎಂಟು ತುಂಬಿದಾಗ ನಿಮ್ಮದರಲ್ಲಿ ಇದ್ದದ್ದು ನಾಲ್ಕು. ಮುಂದಿನ ಭಾನುವಾರವೂ ನಾಲ್ಕು. ಆಮೇಲೆ ಐದು. ಪ್ರತಿ ವಾರ ನಾನು ಅದೇ ತಪ್ಪನ್ನು ಜೋಪಾನವಾಗಿ ಮಾಡಿಕೊಡುತ್ತೇನೆ, ಅವನು ನಿಮ್ಮ ಏಳನ್ನು ಹುಡುಕುತ್ತಾನೆ. ಕಿಟಕಿಯನ್ನು ತೆರೆದೇ ಇಟ್ಟಿದ್ದೇವೆ. ಹೋದ ಭಾನುವಾರ ಆರಾಗಿತ್ತು. ಏಳನೆಯದನ್ನು ಅವನು ಮೆಲ್ಲಗೆ ಕಳಿಸಿದ, ನೀವು ಕಳಿಸಿದ ಹಾಗೆಯೇ. ಎಲ್ಲರೂ ಎದ್ದು ನಿಂತಿದ್ದೆವು. ಗುಂಡಿಯ ಬಾಯಿಗೆ ಒಂದು ಬೆರಳು ಇರುವಾಗ ನಿಂತಿತು.

ಓಬಳಯ್ಯ ಬಗ್ಗಿ ಅದನ್ನೇ ಬಹಳ ಹೊತ್ತು ನೋಡಿದ. ಆಮೇಲೆ ಬರಿದಾದ ಕಿಟಕಿಯ ಕಡೆ ತಿರುಗಿ, ನೀವು ಅಲ್ಲೇ ಮೀಸೆ ಕಚ್ಚುತ್ತಾ ನಿಂತಿದ್ದೀರೇನೋ ಅನ್ನುವ ಹಾಗೆ ಅಂದ, "ನಿಮ್ಮ ಏಳು ನಿಮ್ಮದೇ ಸಾಮೀ. ಬಟ್ಟೆ ಬಿಡ್ತಿಲ್ಲ."

ಆ ಚೆಂಡು ಯಾಕೆ ನಿಂತಿತು ಅಂತ ಕೇಳಿದ್ದಿರಿ, ಭಾವ. ನನ್ನಿಂದ ನಿಂತಿತು. ಹೊಲಿಗೆಯಿಂದಲ್ಲ.

ನಿಮ್ಮ ಬಾಮೈದ,
ಪಾಲಾಕ್ಷ