ಕಂಬ ಬಿಡದ ಫುಲ್‌ಬ್ಯಾಕ್

ಪೆಕ್ ಸರ್,

ನಿಮಗೆ ಕನ್ನಡ ಬರುತ್ತಿರಲಿಲ್ಲ. ಇಂಗ್ಲಿಷಿನಲ್ಲಿ ಬರೆದರೂ ಓದಲು ಈಗ ನೀವಿಲ್ಲ. ಇಂಗ್ಲೆಂಡಿನ ಒಂದೇ ಫುಟ್‌ಬಾಲ್ ಕ್ಲಬ್ಬಿಗೆ ಹದಿನಾಲ್ಕು ವರ್ಷ ಫುಲ್‌ಬ್ಯಾಕ್ ಆಗಿ ಹಿಂದೆ ನಿಂತು ಗೋಲು ಕಾದು, ಒಂದೂ ಗೋಲು ಹೊಡೆಯದವರು ನೀವು. ಆಮೇಲೆ ನಮ್ಮೂರಿಗೆ ಕೋಚ್ ಆಗಿ ಬಂದು ಎವರ್‌ಗ್ರೀನ್ ಮೈದಾನದಲ್ಲಿ ನನಗೆ ಕಲಿಸಿದ್ದು ಒಂದೇ: ಎದುರಾಳಿಗೆ ಕಾರ್ನರ್ ಕಿಕ್ ಸಿಕ್ಕಾಗ ಗೋಲಿನ ಕಂಬ ಹಿಡಿದು ನಿಲ್ಲು, ಬಿಡಬೇಡ.

ಇವತ್ತು ಎದುರಾಳಿಗಳ ಕೊನೇ ನಿಮಿಷದ ಕಾರ್ನರ್‌ಗೆ ನಾನು ಕಂಬ ಬಿಟ್ಟು ಚೆಂಡಿನ ಕಡೆ ಓಡಲು ಹೊರಟಿದ್ದೆ. ಆಚೆ ಕಂಬದ ಬಳಿ ನಿಮ್ಮ ಕೆಮ್ಮು ಕೇಳಿಸಿತು. ನಿಂತೆ. ಚೆಂಡು ನನ್ನ ಎದೆಗೆ ಬಡಿದು ಹೊರಗೆ ಹೋಯಿತು.

“ತಾಹಾ, ಮ್ಯಾಚು ಗೆದ್ವಿ ಕಣೋ! ಅಲ್ಲಿ ಯಾರನ್ನ ನೋಡ್ತಿದ್ದೀಯ?” ಎಂದ ನಮ್ಮ ತಂಡದ ಅನೀಶ್.

ಆಸ್ಪತ್ರೆಯಿಂದ ನೀವು ಫೋನ್ ಮಾಡಿ, ಸ್ವಲ್ಪ ಹೊತ್ತು ಬಂದು ಕೂರು ಎಂದಾಗ, ನಮ್ಮ ಡಾಟ್‌ಕಾಮ್ ಕಂಪನಿಯ ಲಾಂಚ್ ಇದೆ ಎಂದಿದ್ದೆ. ಬರಲೇ ಇಲ್ಲ.

ಇವತ್ತು ಎಲ್ಲರೂ ಮನೆಗೆ ಹೋದರು. ಕತ್ತಲಾಗುವವರೆಗೂ ನಾನು ಕಂಬ ಬಿಡಲಿಲ್ಲ.