ಲುಹರ್ ಹೊತ್ತಿನ ಗೋಣಿ ಅಂಗಡಿ

…ಅಲ್ಲ, ಮತ್ತೆ ಮೊದಲಿಂದ ಶುರು ಮಾಡುತ್ತೇನೆ ಉಪ್ಪಾ, ಬೇಜಾರು ಮಾಡಬೇಡಿ. ಆಗಲೇ ಎರಡು ಸಲ ರೆಕಾರ್ಡ್ ಮಾಡಿ ಅಳಿಸಿದೆ. ಒಂದರಲ್ಲಿ ಬಸ್ಸಿನ ಹಾರ್ನ್, ಇನ್ನೊಂದರಲ್ಲಿ ಹೇಳಬೇಕಾದದ್ದನ್ನೇ ಬಿಟ್ಟಿದ್ದೆ. ಈ ವಾಯ್ಸ್ ನೋಟನ್ನು ನಿಮ್ಮ ಹಳೇ ನಂಬರಿಗೆ ಕಳಿಸುವ ಹಾಗಿಲ್ಲ, ಅದು ಈಗ ಯಾರ ಕಿಸೆಯಲ್ಲಿ ರಿಂಗಾಗುತ್ತದೋ. ನನ್ನ ಫೋನಿನಲ್ಲೇ ಇರಲಿ. ನಾವು ಮನೆಯಲ್ಲಿ ಆಡುವುದು ಬ್ಯಾರಿ ಭಾಷೆ, ಅಪ್ಪನಾದ ನಿಮ್ಮನ್ನು ಉಪ್ಪ, ಅಮ್ಮನನ್ನು ಉಮ್ಮ ಅನ್ನುವುದು ಅದರಲ್ಲೇ. ಆದರೆ ಹೇಳಬೇಕಾದದ್ದು ಕಡಬ ಪೇಟೆಯ ನಿಮ್ಮ ಗೋಣಿ ಅಂಗಡಿಯ ವಿಷಯ, ಅಲ್ಲಿ ಕೂತರೆ ನಿಮ್ಮ ಬಾಯಲ್ಲಿ ಬರುತ್ತಿದ್ದದ್ದು ಕನ್ನಡ. ಹಾಗಾಗಿ ಇದರಲ್ಲೇ ಹೇಳುತ್ತೇನೆ.

ನಾನು ರಜೆಯಲ್ಲಿ ಬಂದಿದ್ದಾಗ ಕೊಲ್ಲಮೊಗ್ರಿನ ಗೌಡರೊಬ್ಬರು ಅಂಗಡಿಗೆ ಬಂದದ್ದು ನೆನಪುಂಟಾ? ಚೀಲ ಎಣಿಸುತ್ತಾ ಕೇಳಿದರು, "ಮಗನಿಗೆ ದುಬೈಯಲ್ಲಿ ಎಂತ ಕೆಲಸ ಬ್ಯಾರಿಗಳೇ?"

"ಕಂಪ್ಯೂಟರಿನ ಒಳಗೆ ಊರು ಕಟ್ಟುದು. ಮಕ್ಕಳು ಗೇಮ್ ಆಡ್ತಾರಲ್ಲ, ಅದರೊಳಗಿನ ಊರು."

"ಆ ಊರಲ್ಲಿ ಜನ ಉಂಟಾ?"

"ಜನರನ್ನು ಬೇರೆಯವರು ಮಾಡುದು. ಇವನದ್ದು ರಸ್ತೆ, ಗೋಡೆ, ಚರಂಡಿ, ಮರ ಅಷ್ಟೆ."

"ಹಾಗಾದ್ರೆ ಪಂಚಾಯತಿನ ಕೆಲಸವೇ ಅಲ್ವಾ ಮಾರಾಯ್ರೆ."

ನೀವು ನಕ್ಕದ್ದು ಈಗಲೂ ಕೇಳುತ್ತದೆ. ನನ್ನ ಕೆಲಸವನ್ನು ಅಷ್ಟು ಸರಿಯಾಗಿ ಯಾರಿಗೂ ಯಾರೂ ವಿವರಿಸಲಿಲ್ಲ, ನಾನು ಕೂಡ.

ಆ ಕೆಲಸಕ್ಕೆ ನನ್ನನ್ನು ಹಚ್ಚಿದ್ದು ನೀವೇ ಅಂತ ನಿಮಗೆ ಗೊತ್ತಿತ್ತೋ ಇಲ್ಲವೋ. ಶಾಲೆಗೆ ಹೋಗುವ ಕಾಲದಲ್ಲಿ ನಾನು ರಟ್ಟಿನ ಮೇಲೆ ಇದ್ದಿಲಿನಲ್ಲಿ ನಿಮ್ಮ ಮುಖ ಬರೆದಿದ್ದೆ. ನೀವು ಗದರಲಿಲ್ಲ, ಹರಿಯಲೂ ಇಲ್ಲ. ಪಕ್ಕದಲ್ಲಿ ಕೂರಿಸಿಕೊಂಡು ಹೇಳಿದಿರಿ, "ಮರ ಬರೆ, ಬಾವಿ ಬರೆ, ಇಡೀ ಅಂಗಡಿ ಬೇಕಾದ್ರೆ ಬರೆ. ಕಣ್ಣು ಇರುದನ್ನು ಬರೆಯುದು ಬೇಡ ಮಗಾ. ಅದಕ್ಕೆ ಜೀವ ಕೊಡ್ಲಿಕ್ಕೆ ನಮ್ಮಿಂದ ಆಗುದಿಲ್ಲ." ಅಂದಿನಿಂದ ನಾನು ಬರೆದದ್ದೆಲ್ಲ ಜನ ಇಲ್ಲದ ಜಾಗ. ದೊಡ್ಡವನಾದ ಮೇಲೆ, ಅದಕ್ಕೇ ಸಂಬಳ ಕೊಡುವ ಕಂಪೆನಿಗಳಿವೆ ಅಂತ ಗೊತ್ತಾದಾಗ ನನಗೆ ಆದ ಆಶ್ಚರ್ಯ…

ಪ್ಲಾಸ್ಟಿಕ್ ಚೀಲ ಮೊದಲು ಪೇಟೆಗೆ ಬಂದ ದಿನ ನೀವು ಅದನ್ನು ಬೆರಳಲ್ಲಿ ಉಜ್ಜಿ ನೋಡಿ, "ಇದರಲ್ಲಿ ಗಾಳಿ ಆಡುದಿಲ್ಲ, ಅಡಿಕೆ ಬೆವರ್ತದೆ" ಅಂದಿರಿ. ಆದರೂ ಒಂದು ಕಟ್ಟು ತಂದಿಟ್ಟಿರಿ, ಯಾಕೆಂದರೆ ಗಿರಾಕಿ ಕೇಳುತ್ತಿದ್ದದ್ದು ಅದನ್ನೇ. ನನ್ನ ಕೆಲಸಕ್ಕೂ ಆ ದಿನ ಬಂತು ಉಪ್ಪಾ. ಈಗ ಎಂಥ ಊರು ಬೇಕು ಅಂತ ಬರೆದು ಕೊಟ್ಟರೆ ಸಾಕು, ಮೆಷಿನೇ ಕಟ್ಟಿಕೊಡುತ್ತದೆ. ದುಬೈಯ ಕಂಪೆನಿ ಹೋದ ವರ್ಷ ನಮ್ಮ ವಿಭಾಗವನ್ನೇ ಮುಚ್ಚಿತು. ಕೆಲಸದ ಜೊತೆ ವೀಸಾವೂ ಹೋಯಿತು. ಐವತ್ತು ವರ್ಷದವನು ಸೂಟ್‌ಕೇಸ್ ಹಿಡಿದು ಕಡಬದಲ್ಲಿ ಬಸ್ ಇಳಿದರೆ ಜನ ಏನು ಕೇಳುತ್ತಾರೆ? "ರಜೆ ಎಷ್ಟು ದಿನ?" ಅಂತ. ನಾನು ಈಗಲೂ ಅದಕ್ಕೆ ಸರಿಯಾಗಿ ಉತ್ತರ ಕೊಟ್ಟಿಲ್ಲ.

ಅಂಗಡಿಯ ಬಾಗಿಲಿಗೆ ನೀವು ಒಂದೊಂದು ನಮೂನೆಯ ಚೀಲ ನೇತು ಹಾಕುತ್ತಿದ್ದಿರಿ, ನೋಡಿದವರು ಒಳಗೆ ಬರಲಿ ಅಂತ. ನಮ್ಮಲ್ಲಿ ಅದಕ್ಕೆ ಪೋರ್ಟ್‌ಫೋಲಿಯೋ ಅನ್ನುತ್ತಾರೆ. ಅದಿಲ್ಲದೆ ಯಾರೂ ಕೆಲಸ ಕೊಡುವುದಿಲ್ಲ. ನಾನು ಇಷ್ಟು ವರ್ಷ ಕಟ್ಟಿದ ಊರುಗಳೆಲ್ಲ ಕಂಪೆನಿಯ ಸೊತ್ತು, ಹೊರಗೆ ತೋರಿಸುವ ಹಾಗಿಲ್ಲ. ಅರ್ಧ ಗೇಮ್‌ಗಳು ಹೊರಗೇ ಬರಲಿಲ್ಲ. ಬಾಗಿಲಿಗೆ ನೇತು ಹಾಕಲು ನನ್ನಲ್ಲಿ ಒಂದು ಹರಕು ಚೀಲವೂ ಇಲ್ಲ ಅಂತ ಆಗ ಗೊತ್ತಾಯಿತು. ಈ ವಯಸ್ಸಿನಲ್ಲಿ ಹೊಸದು ಮಾಡಬೇಕು. ಬೆಂಗಳೂರಿನ ಒಂದು ಕಂಪೆನಿಯವರು, ನಿಮಗೆ ಚೆನ್ನಾಗಿ ಗೊತ್ತಿರುವ ಒಂದು ಜಾಗ ಮಾಡಿ ತೋರಿಸಿ ಅಂದರು. ನನಗೆ ಚೆನ್ನಾಗಿ ಗೊತ್ತಿರುವ ಜಾಗ ಯಾವುದು, ನೀವೇ ಹೇಳಿ?

ಅಂಗಡಿ ಈಗ ಇಲ್ಲ ಉಪ್ಪಾ. ಆ ಸಾಲನ್ನೇ ಕೆಡವಿ ಕಾಂಪ್ಲೆಕ್ಸ್ ಕಟ್ಟಿದ್ದಾರೆ. ನೀವು ಕೂರುತ್ತಿದ್ದ ಮಂದಲಿಗೆ ಚಾಪೆ ಇದ್ದ ಜಾಗದಲ್ಲಿ ಗಾಜಿನ ಬಾಗಿಲಿನ ಮೊಬೈಲ್ ಅಂಗಡಿ ಉಂಟು. ನಮ್ಮ ಹಳೇ ಅಂಗಡಿಯನ್ನು ನಾನು ನೆನಪಿನಿಂದಲೇ ಕಂಪ್ಯೂಟರಿನಲ್ಲಿ ಕಟ್ಟಿದೆ. ಗೋಣಿಯ ಕಟ್ಟುಗಳು, ಹುರಿಹಗ್ಗದ ಸುರುಳಿಗಳು, ಬಾಗಿಲ ಹಲಗೆಗೆ ಚುಚ್ಚಿಟ್ಟ ಚೀಲ ಹೊಲಿಯುವ ದಬ್ಬಣ, ನೀವು ಎದ್ದು ಕೂರುವಾಗ ಕೈ ಊರಿ ಊರಿ ನುಣುಪಾದ ಕಂಬ. ಮಂದಲಿಗೆಯಲ್ಲಿ ನೀವು ಕೂತು ಕೂತು ಆದ ತಗ್ಗನ್ನು ಮಾಡಲಿಕ್ಕೆ ಒಂದು ವಾರ ಹಿಡಿಯಿತು. ಅಟ್ಟದಿಂದ ಹಗ್ಗ ಇಳಿಸುವ ಬಿದಿರಿನ ದೋಟಿಯನ್ನೂ ಮಾಡಿದೆ. ಅದನ್ನು ಮಾತ್ರ ಮೂಲೆಯಲ್ಲಿ ನಿಲ್ಲಿಸಿಟ್ಟೆ. ಯಾಕೆ ಅಂತ ನಿಮಗೆ ಗೊತ್ತು.

ಕಂಪೆನಿಯ ಹುಡುಗಿ ವೀಡಿಯೋ ಕಾಲಿನಲ್ಲಿ ಅದನ್ನು ನೋಡಿದಳು. ನನ್ನ ಅರ್ಧ ಪ್ರಾಯ ಇರಬಹುದು, ಮರ್ಯಾದೆಯ ಹುಡುಗಿ. "ಸರ್, ಡೀಟೇಲ್ ಸೂಪರ್. ಆದ್ರೆ ಸತ್ತೋಗಿರೋ ಥರ ಇದೆ. ಖಾಲಿ ಖಾಲಿ. ಒಬ್ರು ಮುದುಕರನ್ನ ಕೂರಿಸಿಬಿಡಿ, ಅಂಗಡಿಯವರು ಅನ್ನೋ ಹಾಗೆ. ಈಗ ಎಲ್ಲರೂ ಎಲ್ಲಾನೂ ಮಾಡಬೇಕಲ್ವಾ ಸರ್? ಬರೀ ಗೋಡೆ ಮಾಡೋರನ್ನ ತಗೊಳ್ಳೋದು ಕಷ್ಟ."

ಅವಳು ಹೇಳಿದ್ದು ತಪ್ಪಲ್ಲ. ಕೆಲಸ ಬೇಕಾದದ್ದು ನನಗೆ. ಕಂಪ್ಯೂಟರಿನಲ್ಲಿ ಸಿದ್ಧ ಮಾಡಿಟ್ಟ ಮನುಷ್ಯರ ದೇಹಗಳು ಸಿಗುತ್ತವೆ, ಗಡ್ಡ, ಟೊಪ್ಪಿ, ಲುಂಗಿ ಎಲ್ಲ ಹಾಕಿ ತರಬಹುದು. ಒಂದನ್ನು ತಂದೆ. ನಿಮ್ಮ ಮಂದಲಿಗೆಯ ಮೇಲೆ ಕೂರಿಸಿದೆ. ಅವನು ಯಾರೋ. ಅವನ ಕಣ್ಣು ನನ್ನನ್ನು ನೋಡುತ್ತಿತ್ತು, ಆದರೆ ನೋಡುತ್ತಿರಲಿಲ್ಲ. ನೀವು ಆಗ ಹೇಳಿದ್ದು ಇದನ್ನೇ ಏನೋ.

ಅಷ್ಟರಲ್ಲಿ ಉಮ್ಮ ಚಾ ತಂದರು. ಕನ್ನಡಕ ಮೇಲೆ ಮಾಡಿ ನೋಡಿದರು.

"ಇದು ಯಾರು ನಮ್ಮ ಅಂಗಡಿಯಲ್ಲಿ ಕೂತದ್ದು?"

"ಸುಮ್ಮನೆ ಒಬ್ಬ, ಉಮ್ಮ. ಕಂಪೆನಿಯವರಿಗೆ ಬೇಕಂತೆ."

"ಎಬ್ಬಿಸು ಅವನನ್ನು. ಅವರು ಬಂದ್ರೆ ಎಲ್ಲಿ ಕೂತುಕೊಳ್ಳುದು?"

ನಾನು ಎಬ್ಬಿಸಿದೆ. ಎಬ್ಬಿಸುವುದೇನು, ಒಂದು ಬಟನ್ ಒತ್ತಿದರೆ ಆಯಿತು. ಮತ್ತೆ ಖಾಲಿ. ಉಮ್ಮ ಹೋಗಲಿಲ್ಲ, ನಿಂತೇ ಇದ್ದರು. ಆಮೇಲೆ ಮೂಲೆಗೆ ಬೆರಳು ತೋರಿಸಿ, "ದೋಟಿ ಅಲ್ಲಿ ಎಂತಕ್ಕೆ ಇಟ್ಟದ್ದು?" ಅಂತ ಕೇಳಿದರು.

ನಮಾಝಿನ ಕರೆ ಬಾಂಗ್ ಕೇಳಿದ ಕೂಡಲೇ ನೀವು ಆ ದೋಟಿಯನ್ನು ಎರಡು ಗೋಣಿ ಕಟ್ಟಿನ ಮೇಲೆ ಬಾಗಿಲಿಗೆ ಅಡ್ಡ ಇಟ್ಟು ಮಸೀದಿಗೆ ಹೋಗುತ್ತಿದ್ದಿರಿ. ಬೀಗ ಇಲ್ಲ, ಕಾವಲು ಇಲ್ಲ. ದೋಟಿ ಅಡ್ಡ ಇದ್ದರೆ ಬ್ಯಾರಿಗಳು ನಮಾಝಿಗೆ ಹೋಗಿದ್ದಾರೆ, ಈಗ ಬರುತ್ತಾರೆ ಅಂತ ಪೆರಾಬೆಯಿಂದ ಬಂದವರಿಗೂ ಗೊತ್ತು. ಮೆಟ್ಟಿಲಲ್ಲಿ ಕೂತು ಕಾಯುತ್ತಿದ್ದರು, ಯಾರೂ ಅದನ್ನು ದಾಟುತ್ತಿರಲಿಲ್ಲ. ಆ ದಿನವೂ ಮಧ್ಯಾಹ್ನದ ಲುಹರ್ ನಮಾಝಿಗೆ ಹಾಗೇ ಇಟ್ಟು ಹೋದಿರಿ. ನಮಾಝಿಗೆ ಮೊದಲು ಕೈಕಾಲು ತೊಳೆದು ವುಳೂ ಮಾಡುವಲ್ಲಿ ಕುಸಿದಿರಿ. ನಾನು ದುಬೈಯಲ್ಲಿದ್ದೆ. ಪಕ್ಕದ ಬಟ್ಟೆ ಅಂಗಡಿಯ ಬಾಬಣ್ಣ ಫೋನ್ ಮಾಡಿ ವಿಷಯ ಹೇಳಿದರು, ಕೊನೆಗೆ, "ದೋಟಿ ಇನ್ನೂ ಅಡ್ಡವೇ ಉಂಟು ಹಮೀದ್. ಯಾರಿಗೂ ಕೈ ಹಾಕ್ಲಿಕ್ಕೆ ಮನಸ್ಸು ಬರುದಿಲ್ಲ. ಎಂತ ಮಾಡುದು?" ಅಂದರು. ಇರಲಿ, ನಾನು ಬರುತ್ತೇನೆ ಅಂದೆ. ನಾನು ಮುಟ್ಟುವಾಗ ದಫನ ಆಗಿತ್ತು. ನನ್ನ ಪಾಲಿಗೆ ಉಳಿದದ್ದು ದೋಟಿ ತೆಗೆಯುವುದು ಮಾತ್ರ. ಅದನ್ನು ಎತ್ತಿದಾಗ ಅದು ಎಷ್ಟು ಹಗುರ ಇತ್ತು ಅಂದರೆ…

ಇರಲಿ. ಉಮ್ಮ ಕೇಳಿದ ಮೇಲೆ ಅದನ್ನು ಮೂಲೆಯಿಂದ ತಂದು ಬಾಗಿಲಿಗೆ ಅಡ್ಡ ಇಟ್ಟೆ. ಮಸೀದಿಗೆ ಮೆಟ್ಟಿಕೊಂಡು ಹೋಗುತ್ತಿದ್ದ ನಿಮ್ಮ ಚಪ್ಪಲಿಯನ್ನು ಮೆಟ್ಟಿಲ ಬಳಿಯಿಂದ ತೆಗೆದೆ. ಬಿಸಿಲನ್ನು ನೆತ್ತಿಗೆ ತಂದೆ. ಇಷ್ಟೇ ಮಾಡಿದ್ದು. ಉಮ್ಮ ಕುರ್ಚಿ ಎಳೆದು ಕೂತರು. "ಈಗ ಸರಿ ಆಯ್ತು," ಅಂದರು. "ಲುಹರಿಗೆ ಹೋಗಿದ್ದಾರೆ."

ಅಂದಿನಿಂದ ದಿನಾ ಮಧ್ಯಾಹ್ನ ಅವರಿಗೆ ಅಂಗಡಿ ತೆಗೆದು ಕೊಡಬೇಕು. ನಮಾಝ್ ಮುಗಿಸಿ ಬಂದು ಕೂರುತ್ತಾರೆ. ನನಗೆ ಹೆದರಿಕೆ ಆಯಿತು, ಒಂದು ದಿನ ಮೆಲ್ಲ ಹೇಳಲು ಹೊರಟೆ. ಅವರು ಬಿಡಲೇ ಇಲ್ಲ. "ನನಗೆ ತಲೆ ಕೆಟ್ಟಿಲ್ಲ. ಅವರು ಎಲ್ಲಿ ಇರುದು ಅಂತ ನಿನಗಿಂತ ಮೊದಲು ನನಗೆ ಗೊತ್ತುಂಟು. ಹೊರಟದ್ದನ್ನು ನಾನು ನೋಡ್ಲಿಲ್ಲ ಅಲ್ವಾ, ಈಗ ನೋಡುದು." ಇದಕ್ಕೆ ಏನು ಹೇಳುವುದು ಉಪ್ಪಾ? ಇಷ್ಟು ವರ್ಷ ಯಾವ ಯಾವ ದೇಶದ ಮಕ್ಕಳು ನಾನು ಕಟ್ಟಿದ ಬೀದಿಗಳಲ್ಲಿ ಓಡಿದ್ದಾರೆ. ಒಂದು ಕಡೆ ನಿಂತು ನೋಡಿದವರು ಉಮ್ಮ ಒಬ್ಬರೇ.

ಮೊನ್ನೆ ತುಂಬ ಹೊತ್ತು ಕೂತವರು ಕೇಳಿದರು, "ಇದರಲ್ಲಿ ಬಿಸಿಲು ಇಳಿಯುದೇ ಇಲ್ಲ ಅಲ್ವಾ? ಸಂಜೆಯ ಅಸರ್ ನಮಾಝಿನ ಹೊತ್ತು ಆಗುದಿಲ್ವಾ?"

"ಇಲ್ಲ ಉಮ್ಮ. ನಾನು ಇಟ್ಟಲ್ಲಿಯೇ ಇರ್ತದೆ."

"ಒಳ್ಳೇದಾಯ್ತು," ಅಂದರು. "ಹಾಗಾದ್ರೆ ಅವರಿಗೆ ತಡ ಆಗ್ಲಿಲ್ಲ."

ಖಾಲಿ ಅಂಗಡಿಯನ್ನೇ ಕಂಪೆನಿಗೆ ಕಳಿಸಿದೆ. ಯಾರನ್ನೂ ಕೂರಿಸಲಿಲ್ಲ. ದೋಟಿಯ ಅರ್ಥ ಏನು ಅಂತ ಎರಡು ಸಾಲು ಬರೆದಿದ್ದೆ. ಇವತ್ತು ಬೆಳಿಗ್ಗೆ ಆ ಹುಡುಗಿಯೇ ಫೋನ್ ಮಾಡಿದಳು. "ಸರ್, ನಾನು ಎಷ್ಟೋ ಹೊತ್ತು ಅದನ್ನೇ ನೋಡ್ತಾ ಇದ್ದೆ. ನಮ್ಮ ಮೇಲಿನವರಿಗೆ ಮಾತ್ರ ಅರ್ಥ ಆಗ್ಲಿಲ್ಲ. ಸಾರಿ ಸರ್." ಇದೇ ಉಪ್ಪಾ ನಿಮಗೆ ಹೇಳಬೇಕಿದ್ದ ಸುದ್ದಿ. ಕೆಲಸ ಸಿಗಲಿಲ್ಲ. ಉಮ್ಮನಿಗೆ ಇನ್ನೂ ಹೇಳಿಲ್ಲ. ಬೇರೆ ಕಡೆಗಳಿಗೂ ಇದನ್ನೇ ಕಳಿಸುತ್ತೇನೆ. ಅವರೂ ಬೇಡ ಅನ್ನಬಹುದು, ಅನ್ನಲಿ. ನಿಮ್ಮ ಜಾಗದಲ್ಲಿ ಮಾತ್ರ ಯಾರನ್ನೂ…

"ಹಮೀದೇ! ಯಾರ ಹತ್ತಿರ ಮಾತಾಡುದು ಅಷ್ಟು ಹೊತ್ತಿಂದ?"

"ಯಾರೂ ಇಲ್ಲ ಉಮ್ಮ."

"ನಂದು ನಮಾಝ್ ಆಯ್ತು. ಬಾ, ಅಂಗಡಿ ತೆಗಿ."

ಬಂದೆ ಉಮ್ಮ. ಫೋನ್ ಇಡುತ್ತೇನೆ ಉಪ್ಪಾ.