ಗೂಟದ ನೇರಕ್ಕೆ

ಪ್ರ್ಯಾಟ್, ಕಾನ್ಸಸ್
ಜೂನ್ ೪

ಹಾರ್ಲನ್ ಅವರಿಗೆ ಗಾರೆಟ್‌ನ ವಂದನೆಗಳು.

ಬ್ರೆಂಟ್‌ನ ಮಣ್ಣಿಗೆ ನಾನು ಬರಲಿಲ್ಲ. ಕಾಲು ಮುರಿದದ್ದು ನೆಪ, ಅಷ್ಟೇ.

ಅವನ ಕ್ಯಾಮೆರಾವನ್ನು ಶೆರಿಫ್ ನಿಮಗೇ ಒಪ್ಪಿಸುತ್ತಾರಂತೆ. ಕೊನೆಯ ವಿಡಿಯೋವನ್ನು ದಯವಿಟ್ಟು ದನಿ ಬಂದ್ ಮಾಡಿಕೊಂಡು ನೋಡಿ. ನನಗೆ ತೋರಿಸಿದರು. ನಿಮ್ಮ ಮಗನ ಕೈ ಒಂದಿಷ್ಟೂ ನಡುಗಿಲ್ಲ.

ಬಿರುಗಾಳಿಯ ಬೆನ್ನಟ್ಟಿ ವಿಡಿಯೋ ತೆಗೆಯಲು ಬ್ರೆಂಟ್ ಮತ್ತು ನಾನು ಮೊದಲ ಸಲ ಹೊರಟಾಗ, ನಿಮ್ಮ ಗೋಧಿಹೊಲದ ಬೇಲಿಯ ಬಳಿ ನಿಲ್ಲಿಸಿ ಹೇಳಿಕೊಟ್ಟಿದ್ದಿರಿ: "ಸುಂಟರಗಾಳೀನ ಗೂಟದ ನೇರಕ್ಕೆ ಇಟ್ಕೊಂಡು ನೋಡ್ರೋ. ಎಡಕ್ಕೋ ಬಲಕ್ಕೋ ಸರೀತಿದ್ರೆ ಬದುಕಿದ್ರಿ. ಅಲ್ಲಾಡದೆ ನಿಂತಿದೆ ಅನ್ನಿಸ್ತೋ, ನಿಮ್ಮ ಕಡೆಗೇ ಬರ್ತಿದೆ ಅಂತ ಅರ್ಥ. ಓಡ್ರಿ."

ಸುಂಟರಗಾಳಿಗೆ ಬಲಿಯಾದ ದಿನ ಬ್ರೆಂಟ್ ರಸ್ತೆಯಂಚಿನಲ್ಲಿ ಕ್ಯಾಮೆರಾ ಹಿಡಿದು ನಿಂತಿದ್ದ. ಕಾರಿನೊಳಗೆ ಕೂತು ಬೇಲಿಗೂಟ ನೋಡುವ ಕೆಲಸ ನನ್ನದು. "ಯಾವ ಕಡೆ ಹೋಗ್ತಿದೆ ಹೇಳೋ, ಗೂಬೆ!" ಎಂದು ಕೂಗಿದ.

ನಾನು ಕೊಟ್ಟ ಉತ್ತರ ಆ ವಿಡಿಯೋದಲ್ಲಿದೆ. ಅದನ್ನು ಕೇಳಬೇಡಿ ಎನ್ನಲೆಂದೇ ಬರೆಯಲು ಕುಳಿತೆ. ಆದರೆ ನಿಮ್ಮೆದುರು ನಿಂತು ಹೇಳುವ ಧೈರ್ಯ ನನಗೆ ಎಂದೂ ಬರುವುದಿಲ್ಲ. ಕೇಳಿಬಿಡಿ. "ಎಲ್ಲೂ ಹೋಗ್ತಿಲ್ಲ ಕಣೋ, ನಿಂತಲ್ಲೇ ನಿಂತಿದೆ. ಆರಾಮಾಗಿ ತೆಗಿ," ಎನ್ನುವ ದನಿ ನನ್ನದು.

ನಿಮ್ಮಿಂದ ಕಲಿತವನು,
ಗಾರೆಟ್